ಬದಿಯಡ್ಕಕ್ಕೆ ಜಾಂಬಿ ಬಂದರೆ ಯಾವ ಭಾಷೆಯಲ್ಲಿ ಮಾತಾಡಿಸುವುದು?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವಳು, ಡಿಗ್ರಿ ಎರಡನೇ ವರ್ಷ. ಹದಿಹರೆಯದವರಿಗಾಗಿ ಒಂದು ಜಾಂಬಿ ಕಾದಂಬರಿ ಬರೆಯುತ್ತಿದ್ದೇನೆ. ನಾಯಕಿ ಕನ್ನಡ ಮನೆಯವಳು, ಹುಡುಗನ ಮನೆಮಾತು ಮಲಯಾಳಂ. ಇಬ್ಬರಿಗೂ 19 ವರ್ಷ. ಊರೆಲ್ಲ ಕಾಯಿಲೆಗೆ ಬಿದ್ದ ಮೇಲೆ ಇಬ್ಬರೂ ತಪ್ಪಿಸಿಕೊಂಡು ಬೇಕಲ ಕೋಟೆ ಸೇರುತ್ತಾರೆ. ಅಲ್ಲೇ ಕ್ಲೈಮ್ಯಾಕ್ಸ್. 80 ಪುಟ ಆಗಿದೆ. ಓದಿದ ಗೆಳತಿ “ಇಂಗ್ಲಿಷ್ ಸಿನಿಮಾಕ್ಕೆ ಕನ್ನಡ ಡಬ್ಬಿಂಗ್ ಮಾಡಿದ ಹಾಗೆ ಉಂಟು” ಎಂದಳು. ಲವ್ ಸ್ಟೋರಿ ಒಂದು ಕಡೆ, ಜೀವ ಉಳಿಸಿಕೊಳ್ಳುವ ಓಟ ಇನ್ನೊಂದು ಕಡೆ ಹೋಗುತ್ತಿದೆ ಅಂತಲೂ ಹೇಳಿದಳು. ಏನು ಮಾಡಲಿ?

ಉತ್ತರ: ನೀವು ಕಳಿಸಿದ ಮೊದಲ 3 ಅಧ್ಯಾಯ ಓದಿದೆ. ನಿಮ್ಮ ಗೆಳತಿ ಹೇಳಿದ್ದು ಸರಿ. ಆದರೆ ತಪ್ಪು ಭಾಷೆಯದ್ದಲ್ಲ. ನಿಮ್ಮ ಕನ್ನಡ ಚೆನ್ನಾಗಿಯೇ ಇದೆ. ನಿಮ್ಮ ಜಾಂಬಿ ಮಾತ್ರ ಬೇರೆ ಊರಿನದು. ಅದಕ್ಕೆ ಬದಿಯಡ್ಕದ ದಾರಿ ಗೊತ್ತಿಲ್ಲ, ಇಲ್ಲಿನ ಮಳೆ ಗೊತ್ತಿಲ್ಲ, ಇಲ್ಲಿನವರು ಯಾವುದಕ್ಕೆ ಹೆದರುತ್ತಾರೆ ಅನ್ನುವುದೂ ಗೊತ್ತಿಲ್ಲ.

ಜಾಂಬಿಗೂ ಒಂದು ತವರು ಇದೆ. ಅದು ಕೆರಿಬಿಯನ್ ಸಮುದ್ರದ ಹೈಟಿ. ಆಫ್ರಿಕಾದಿಂದ ಹಿಡಿದು ತಂದ ಗುಲಾಮರನ್ನು ಅಲ್ಲಿ ಫ್ರೆಂಚರು ಕಬ್ಬಿನ ತೋಟಗಳಲ್ಲಿ ದುಡಿಸುತ್ತಿದ್ದರು. 1791ರಲ್ಲಿ ಗುಲಾಮರು ಎದ್ದು ನಿಂತರು, 1804ರಲ್ಲಿ ದೇಶ ಸ್ವತಂತ್ರವಾಯಿತು. ಅವರ ಕಥೆಗಳಲ್ಲಿ ಜಾಂಬಿ ಯಾರನ್ನೂ ತಿನ್ನುವುದಿಲ್ಲ. ಸತ್ತ ಮೇಲೂ ಬಿಡುಗಡೆ ಇಲ್ಲದೆ, ಇನ್ನೊಬ್ಬನ ಮಾತಿನಂತೆ ಗೇಯುತ್ತಲೇ ಇರುವ ಹೆಣ ಅದು. ಗುಲಾಮನಿಗೆ ಅದಕ್ಕಿಂತ ದೊಡ್ಡ ಹೆದರಿಕೆ ಯಾವುದಿದೆ? ಮನುಷ್ಯರ ಮಾಂಸ ತಿನ್ನುವ, ಗುಂಪಾಗಿ ಬರುವ ಜಾಂಬಿ ಹುಟ್ಟಿದ್ದು 1968ರ ಒಂದು ಅಮೆರಿಕನ್ ಸಿನಿಮಾದಿಂದ. ತಮಾಷೆಯೆಂದರೆ ಆ ಸಿನಿಮಾದಲ್ಲಿ ‘ಜಾಂಬಿ’ ಅನ್ನುವ ಪದವನ್ನು ಯಾರೂ ಹೇಳುವುದೇ ಇಲ್ಲ. ನಿಮ್ಮ ಕಥೆಯಲ್ಲಿ ಮಾತ್ರ ಎರಡನೇ ಪುಟದಲ್ಲೇ ನಾಯಕಿಯ ಅಜ್ಜಿ “ಅಯ್ಯೋ ಜಾಂಬಿ!” ಎಂದು ಕೂಗುತ್ತಾರೆ. ನಿಮ್ಮ ಅಜ್ಜಿ ಹಾಗೆ ಕೂಗುತ್ತಾರಾ? ಅವರು ಕಂಡದ್ದಕ್ಕೆ ಅವರೇ ಒಂದು ಹೆಸರು ಇಡಲಿ.

ಹೈಟಿಯವರ ಹೆದರಿಕೆ ಅವರ ತೋಟದಿಂದ ಬಂತು. ಹಾಗಾದರೆ ಕಾಸರಗೋಡಿನವರ ಹೆದರಿಕೆ ಎಲ್ಲಿಂದ ಬರಬೇಕು?

ನನ್ನ ಉತ್ತರ: ಮಾತಿನಿಂದ. ನಮ್ಮದು ಏಳು ಭಾಷೆಗಳ ಊರು ಎಂದು ಭಾಷಣಗಳಲ್ಲಿ ಕೇಳಿ ಕೇಳಿ ಬೇಸರ ಬಂದಿರಬಹುದು. ಭಾಷಣ ಬಿಡಿ, ಬಸ್ಸಿನಲ್ಲಿ ನೋಡಿ. ಕಂಡಕ್ಟರಿಗೆ ಮಲಯಾಳಂ, ಪಕ್ಕದ ಸೀಟಿನವರಿಗೆ ತುಳು, ಫೋನಿನಲ್ಲಿ ಅಮ್ಮನಿಗೆ ಕನ್ನಡ, ಮೀನಿನವರ ಹತ್ತಿರ ಬ್ಯಾರಿ. ಇಲ್ಲಿ ಎದುರಿಗೆ ಬಂದವರ ಜೊತೆ ಯಾವ ಮಾತು ಆಡಬೇಕು ಎಂದು ಅರೆಗಳಿಗೆಯಲ್ಲಿ ತೀರ್ಮಾನ ಮಾಡುವುದೇ ಬದುಕು. ಇಂಥ ಊರಿಗೆ ಬರುವ ಕಾಯಿಲೆ ಮೊದಲು ಕಿತ್ತುಕೊಳ್ಳಬೇಕಾದದ್ದು ಮಾತನ್ನೇ.

ಇದು ಸುಮ್ನೆ ಕಲ್ಪನೆ ಅಲ್ಲ, ಇದಕ್ಕೆ ವೈದ್ಯಕೀಯ ಆಧಾರವೂ ಇದೆ. ಪಾರ್ಶ್ವವಾಯು ಆದಾಗ ಕೆಲವರಿಗೆ ಮಾತು ಹೋಗುತ್ತದೆ. ಅಫೇಸಿಯಾ ಎನ್ನುತ್ತಾರೆ. ಹಲವು ಭಾಷೆ ಬಲ್ಲವರಿಗೆ ಹೀಗಾದರೆ ಯಾವ ಭಾಷೆ ಉಳಿಯುತ್ತದೆ, ಯಾವುದು ಹೋಗುತ್ತದೆ? ಫ್ರಾನ್ಸಿನ ಮನಶ್ಶಾಸ್ತ್ರಜ್ಞ ರಿಬೊ 1881ರಲ್ಲಿ ನೆನಪಿನ ಕಾಯಿಲೆಗಳ ಬಗ್ಗೆ ಬರೆಯುತ್ತಾ, ಮೊದಲು ಕಲಿತದ್ದು ಕೊನೆಯವರೆಗೆ ಉಳಿಯುತ್ತದೆ ಎಂದ. ಅಂದರೆ ತಾಯಿಮಾತು. 1895ರಲ್ಲಿ ಅದೇ ದೇಶದ ಪಿತ್ರ್ ಎಂಬ ವೈದ್ಯ ಬೇರೆ ಮಾತು ಹೇಳಿದ. ಮೊದಲು ಕಲಿತ ಭಾಷೆಯೇ ಆಗಬೇಕೆಂದಿಲ್ಲ, ಕಾಯಿಲೆ ಬರುವ ಮೊದಲು ಯಾವ ಭಾಷೆಯಲ್ಲಿ ಜಾಸ್ತಿ ಬದುಕುತ್ತಿದ್ದರೋ ಅದೇ ಮೊದಲು ಮರಳಿ ಬರುತ್ತದೆ ಎಂದ. ಎರಡಕ್ಕೂ ಉದಾಹರಣೆಗಳು ಸಿಕ್ಕಿವೆ, ಎರಡಕ್ಕೂ ಅಪವಾದಗಳೂ ಸಿಕ್ಕಿವೆ.

ಈಗ ನಿಮ್ಮ ಹುಡುಗನನ್ನು ಇಲ್ಲಿ ತಂದು ನಿಲ್ಲಿಸಿ. ಅವನಿಗೆ ಕಾಯಿಲೆ ತಗಲಿದೆ. ಮೊದಲು ಇಂಗ್ಲಿಷ್ ಹೋಗುತ್ತದೆ, ಆಮೇಲೆ ಹಿಂದಿ. ತುಳು ತಡವರಿಸುತ್ತದೆ. ಉಳಿದದ್ದು ಎರಡು: ಅಮ್ಮನ ಜೊತೆ ಆಡಿದ ಮಲಯಾಳಂ, ಈ ಹುಡುಗಿಯ ಜೊತೆ ಆಡುತ್ತಾ ಆಡುತ್ತಾ ಕಲಿತ ಹರಕು ಕನ್ನಡ. ಇದರಲ್ಲಿ ಯಾವುದು ಕೊನೆಗೆ ಉಳಿಯುತ್ತದೆ? ಅವನು ಬೆಳಿಗ್ಗೆ ಎದ್ದು ಯಾವ ಭಾಷೆಯಲ್ಲಿ ನೀರು ಕೇಳುತ್ತಾನೆ ಎಂದು ಅವಳು ಪಕ್ಕದ ಕೋಣೆಯಲ್ಲಿ ಕಿವಿಕೊಟ್ಟು ಮಲಗಿರುತ್ತಾಳೆ. ಇದೇ ನಿಮ್ಮ ಲವ್ ಸ್ಟೋರಿ. ಇದೇ ಜೀವ ಉಳಿಸಿಕೊಳ್ಳುವ ಕಥೆ ಕೂಡ. ಬೇರೆ ಬೇರೆ ಓಡಿಸಬೇಕಾಗಿಯೇ ಇಲ್ಲ.

ಇನ್ನೊಂದು ಸಂಗತಿ. ಸ್ವಂತ ಮಾತು ಹೋದವರಲ್ಲೂ ಬಾಯಿಪಾಠ ಉಳಿಯುವುದುಂಟು. ಎಣಿಕೆ, ವಾರಗಳ ಹೆಸರು, ಭಜನೆ, ಬೈಗುಳ. “ನೀರು ಬೇಕು” ಅನ್ನಲಾಗದವರು ಇಡೀ ಹಾಡು ಹೇಳಿಬಿಡುತ್ತಾರೆ. ನಿಮಗೆ ಇದು ಚಿನ್ನ. ಊರಿನವರು ಒಂದು ಪರೀಕ್ಷೆ ಕಂಡುಕೊಂಡಿರುತ್ತಾರೆ: ಕದ ತಟ್ಟಿದವರನ್ನು ಮಾತಾಡಿಸುವುದು, ಉತ್ತರ ಬಂದರೆ ಚಿಲಕ ತೆಗೆಯುವುದು. ಒಂದು ಸಣ್ಣ ತುಣುಕು ಬರೆದು ತೋರಿಸುತ್ತೇನೆ.

ಕದ ಮೂರು ಸಲ ಸದ್ದಾಯಿತು.
“ಯಾರು?” ಅಜ್ಜಿ ಕೇಳಿದರು.
ಹೊರಗೆ ಮಳೆ ಬಿಟ್ಟರೆ ಬೇರೇನಿಲ್ಲ.
“ಏರ್?” ತುಳುವಿನಲ್ಲಿ ಕೇಳಿದರು. ಸ್ವಲ್ಪ ತಡೆದು, “ಆರಾ?” ಎಂದು ಮಲಯಾಳದಲ್ಲೂ ಕೇಳಿದರು.
ಯಾರೋ ಗಂಟಲು ಸರಿ ಮಾಡಿಕೊಂಡರು. “ಎರಡೊಂದ್ಲ ಎರಡು,” ಅಂತು ಒಂದು ದನಿ. “ಎರಡೆರಡ್ಲ ನಾಲ್ಕು.”
“ಮೇಷ್ಟ್ರು!” ಹುಡುಗಿ ಓಡಿಬಂದಳು.
ಅಜ್ಜಿ ಚಿಲಕದ ಮೇಲಿಟ್ಟ ಕೈ ತೆಗೆಯಲೂ ಇಲ್ಲ, ಚಿಲಕ ಸರಿಸಲೂ ಇಲ್ಲ. “ಎರಡ್ಮೂರ್ಲ ಎಷ್ಟು ಮೇಷ್ಟ್ರೇ?” ಎಂದು ಕೇಳಿದರು.
“ಎರಡೊಂದ್ಲ ಎರಡು.”

ಇಲ್ಲಿ ರಕ್ತ ಇಲ್ಲ, ಕಚ್ಚಾಟ ಇಲ್ಲ. ಇದು ಕನ್ನಡ ಶಾಲೆಯಲ್ಲಿ ಓದಿದವರ ಬೆನ್ನಿಗೆ ಮಾತ್ರ ಹತ್ತುವ ಚಳಿ.

ಇಲ್ಲೇ ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆಯ ಹೊಸಬರು ಜಾಂಬಿ ಎಂದ ಕೂಡಲೇ ಭೂತವನ್ನೋ ತೆಯ್ಯವನ್ನೋ, ಅಂದರೆ ನಾವು ಆರಾಧಿಸುವ ದೈವಗಳನ್ನು, ತಂದು ಸೇರಿಸುತ್ತಾರೆ. ನಿಮ್ಮ ಮೂರನೇ ಅಧ್ಯಾಯದಲ್ಲೂ ಆ ಆಸೆ ಕಾಣುತ್ತಿದೆ. ಬೇಡ. ಭೂತ ಜಾಂಬಿಗೆ ನೆಂಟನಲ್ಲ, ಪೂರ್ತಿ ಎದುರು. ಭೂತಕ್ಕೆ ಹೆಸರಿದೆ, ಸ್ಥಾನ ಇದೆ, ಅದರ ಕಥೆ ಹೇಳುವ ಪಾಡ್ದನದ ಹಾಡು ಇದೆ. ಎಲ್ಲಕ್ಕಿಂತ ಹೆಚ್ಚಾಗಿ ನುಡಿ ಇದೆ. ಅದು ಮನೆಯವರನ್ನು ಕರೆದು ಮಾತಾಡಿಸುತ್ತದೆ, ದೂರು ಕೇಳುತ್ತದೆ, ಬೈಯುತ್ತದೆ. ಅದರ ಜೊತೆ ವಾದ ಕೂಡ ಮಾಡಬಹುದು. ಜಾಂಬಿಯ ಜೊತೆ ಅದು ಸಾಧ್ಯವಿಲ್ಲ. ಆ ಕಾರಣಕ್ಕೇ ಕಥೆಯಲ್ಲಿ ಒಂದು ಭೂತಕೋಲ ಇರಲಿ, ಆದರೆ ಜಾಂಬಿಯಾಗಿ ಅಲ್ಲ. ಊರಿಡೀ ಮಾತು ಕಳೆದುಕೊಳ್ಳುತ್ತಿರುವಾಗ ನುಡಿ ಕೊಡಬೇಕಾದವರಿಗೇ ಕಾಯಿಲೆ ತಗಲಿದರೆ ಏನಾಗುತ್ತದೆ? ನಾನು ಉತ್ತರ ಹೇಳುವುದಿಲ್ಲ, ನೀವು ಬರೆಯಿರಿ.

ಎರಡನೇ ಎಚ್ಚರಿಕೆ ಇನ್ನೂ ಗಟ್ಟಿ. ಕಾಯಿಲೆಗೆ ಕಾರಣ ಎಂಡೋಸಲ್ಫಾನ್ ಕೀಟನಾಶಕ ಎಂದು ಬರೆದಿದ್ದೀರಿ. ಅದನ್ನು ತೆಗೆದುಹಾಕಿ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದು, 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹಾಕಿದ್ದು, ಇವೆಲ್ಲ ನಡೆದದ್ದೇ. ಆದರೆ ಆ ಸಿಂಪಡಣೆ ನಡೆದ ಎಣ್ಮಕಜೆಯಂಥ ಊರುಗಳಲ್ಲಿ ಇವತ್ತಿಗೂ ಮಾತು ಬಾರದ, ನಡೆಯಲಾಗದ ಮಕ್ಕಳನ್ನು ನೋಡಿಕೊಳ್ಳುತ್ತಿರುವ ಅಮ್ಮಂದಿರಿದ್ದಾರೆ. ನಿಮ್ಮ ಕಥೆಯಲ್ಲಿ ಮಾತು ಹೋದವರು ಕಚ್ಚುತ್ತಾರೆ. ಕಾರಣವಾಗಿ ಅದೇ ವಿಷವನ್ನು ಇಟ್ಟರೆ ಆ ಮಕ್ಕಳನ್ನು ಏನೆಂದು ಕರೆದಂತಾಯಿತು ಯೋಚಿಸಿ. ಕಾಯಿಲೆ ಎಲ್ಲಿಂದ ಬಂತು ಎಂದು ಹೇಳದೇ ಇದ್ದರೂ ನಡೆಯುತ್ತದೆ. ಇಬ್ಬರು 19 ವರ್ಷದವರಿಗೆ ಅದು ಗೊತ್ತಾಗುವುದಾದರೂ ಹೇಗೆ?

ಕಾಯಿಲೆಯ ಲೆಕ್ಕ ಮಾತ್ರ ಪಕ್ಕಾ ಇರಬೇಕು. ನಿಮ್ಮ ಜಾಂಬಿಗಳು ಸತ್ತು ಎದ್ದವರು. ಆದರೆ ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಜುಲೈ ತಿಂಗಳ ಸೆಕೆ, ಒದ್ದೆ, ನೊಣದಲ್ಲಿ ಹೆಣ ಎಷ್ಟು ದಿನ ನಡೆದಾಡೀತು? ಎರಡು ವಾರದಲ್ಲಿ ಕಥೆ ಮುಗಿಯುತ್ತದೆ. ಬದುಕಿರುವವರೇ ಕಾಯಿಲೆಗೆ ಬೀಳಲಿ. ಮಾದರಿ ಬೇಕಾದರೆ ಹುಚ್ಚುನಾಯಿ ಕಡಿತದ ರೋಗ ಇದೆಯಲ್ಲ. ಜೊಲ್ಲಿನಿಂದ ಬರುತ್ತದೆ, ನರದ ದಾರಿಯಲ್ಲಿ ಮಿದುಳಿಗೆ ಏರುತ್ತದೆ, ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಸದ್ದಿಲ್ಲದೆ ಇರುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ನಿಮ್ಮ ಕಥೆಯಲ್ಲಿ ಕಚ್ಚಿ ಅರ್ಧ ನಿಮಿಷದಲ್ಲಿ ಮನುಷ್ಯ ಬದಲಾಗುತ್ತಾನೆ. ಓಟದ ಕಥೆಗೆ ಅದು ಸರಿ, ಪ್ರೀತಿಯ ಕಥೆಗೆ ಅಲ್ಲ. ಪ್ರೀತಿಗೆ ದಿನಗಳು ಬೇಕು. ಹದಿಮೂರು ದಿನ ಕೊಡಿ. ನಮ್ಮಲ್ಲಿ ಸಾವಾದ ಮನೆಯಲ್ಲಿ ಹಿರಿಯರು ಕ್ಯಾಲೆಂಡರ್ ಮುಂದೆ ಕೂತು ಬೊಜ್ಜ, ಅಂದರೆ ಉತ್ತರಕ್ರಿಯೆ, ಯಾವತ್ತು ಬರುತ್ತದೆ ಎಂದು ಬೆರಳು ಮಡಚುತ್ತಾರಲ್ಲ, ಆ ಎಣಿಕೆಯನ್ನು ಬದುಕಿರುವವನ ಮೇಲೆ ಹಾಕಿ. ಎಣಿಸುವುದು ಅವಳು. ಎಣಿಸುತ್ತಿದ್ದಾಳೆ ಎಂದು ಅವನಿಗೂ ಗೊತ್ತು. ಇಬ್ಬರೂ ಅದರ ಮಾತೆತ್ತುವುದಿಲ್ಲ.

ಇನ್ನು ಕಾಲ. ನೀವು ಬೇಸಿಗೆ ರಜೆ ಇಟ್ಟಿದ್ದೀರಿ. ತುಳುವರ ಆಟಿ ತಿಂಗಳಿಗೆ ಬದಲಾಯಿಸಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಹುಡುಗನ ಮನೆಯಲ್ಲಿ ಅದು ಕರ್ಕಿಡಕ. ಹಿಂದೆ ಅದು ಎರಡೂ ಮನೆಗಳಿಗೆ ಹಸಿವಿನ ತಿಂಗಳು, ಕಾಯಿಲೆಯ ತಿಂಗಳು. ಮಾರಿ ಓಡಿಸಲು ಆಟಿ ಕಳಂಜನ ವೇಷ ಮನೆ ಮನೆಗೆ ಬರುತ್ತಿದ್ದದ್ದು ಆಗಲೇ. ಈ ವರ್ಷ ಕಳಂಜನ ಜೊತೆ ಬಾರಿಸುವ ತೆಂಬರೆಯ ಸದ್ದು ದೂರದಿಂದ ಕೇಳುತ್ತದೆ, ಹತ್ತಿರ ಬರುತ್ತದೆ, ಅಂಗಳದ ಆಚೆ ನಿಲ್ಲುತ್ತದೆ, ಒಳಗೆ ಬರುವುದಿಲ್ಲ. ಮೊದಲ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಶುರು ನನಗೆ ಹೊಳೆಯುತ್ತಿಲ್ಲ.

ಆಟಿಯಲ್ಲಿ ಇನ್ನೊಂದು ಉಂಟು. ಆ ತಿಂಗಳು ಬದುಕಿರುವವರಿಗೆ ಮದುವೆ ಮಾಡುವುದಿಲ್ಲ. ಸತ್ತವರಿಗೆ ಮಾಡುತ್ತಾರೆ. ಮದುವೆ ಆಗದೆ ತೀರಿಹೋದ ಹುಡುಗನಿಗೆ, ಇನ್ನೊಂದು ಮನೆಯಲ್ಲಿ ಹಾಗೇ ತೀರಿಹೋದ ಹುಡುಗಿಯನ್ನು ಹುಡುಕಿ ಮಾಡುವ ಕುಲೆ ಮದುವೆ. ಹಿರಿಯರು ಎದುರು ಬದುರು ಕೂತು ನಿಜವಾದ ನೆಂಟಸ್ತಿಕೆಯ ಹಾಗೇ ಮಾತಾಡುತ್ತಾರೆ, ಸೀರೆ, ಕರಿಮಣಿ ಎಲ್ಲ ಇರುತ್ತದೆ. ಪ್ರೀತಿ, ಸಾವು ಎರಡೂ ಇರುವ ಕಾದಂಬರಿಯನ್ನು ತುಳುನಾಡಿನಲ್ಲಿ ಕೂತು ಬರೆಯುತ್ತಾ ಇದನ್ನು ಬಿಟ್ಟರೆ ಹೇಗೆ? ಆದರೆ ಇದನ್ನು ನೋಡುವ ಪೇಟೆಯವರ ಬೆರಗಿನಿಂದ ಬರೆಯಬೇಡಿ. ಮನೆಯವರಿಗೆ ಅದು ಬಾಕಿ ಉಳಿದ ಒಂದು ಕೆಲಸ, ಅಷ್ಟೆ. ಅಜ್ಜಿ ಹಪ್ಪಳ ಕಾಯಿಸುತ್ತಾ, “ನೀವಿಬ್ಬರು ಈಗ ಹೋದರೆ ಮುಂದೆ ಒಂದು ಆಟಿಯಲ್ಲಿ ನಾವೇ ಮಾಡಿಸಬೇಕಾದೀತು” ಎಂದು ಹೇಳಲಿ. ಜಾತಿ, ಧರ್ಮ ಬೇರೆಯಾದ ಹುಡುಗನ ಬಗ್ಗೆ ಅಜ್ಜಿ ತೋರಿಸುವ ಒಪ್ಪಿಗೆಗೆ ಅದಕ್ಕಿಂತ ದೊಡ್ಡ ಸೀನು ಬೇಕಿಲ್ಲ.

ಬೇಕಲ ಕೋಟೆಗೆ ಬರೋಣ. ನನಗೆ ಬರುವ ಕಾಸರಗೋಡಿನ ಕಥೆಗಳಲ್ಲಿ ಹತ್ತಕ್ಕೆ ಏಳರ ಕ್ಲೈಮ್ಯಾಕ್ಸ್ ಅಲ್ಲೇ. ಕೆಳದಿಯ ಶಿವಪ್ಪ ನಾಯಕನ ಕಾಲದ ಕೋಟೆ, ಕಡಲು, ಸೂರ್ಯಾಸ್ತ, ಸರಿ. ಆದರೆ ಅದು 40 ಎಕರೆ! ಇಬ್ಬರು ಮಕ್ಕಳು 40 ಎಕರೆ ಕಾಯುವುದು ಹೇಗೆ? ಬದಿಯಡ್ಕದಿಂದ ಅಲ್ಲಿಗೆ ಹೋಗಲು ಚಂದ್ರಗಿರಿ ಹೊಳೆ ದಾಟಬೇಕು, ಹೊಳೆಗೆ ಸೇತುವೆ ಬೇಕು, ಸೇತುವೆಯಲ್ಲಿ ಜನ ಇರುತ್ತಾರೆ. ಜೀವ ಉಳಿಯಬೇಕಾದರೆ ಮನೆ ಬಿಟ್ಟು ಹೋಗುವುದು ದಡ್ಡತನ.

ನಮ್ಮ ಮನೆಗಳನ್ನೇ ನೋಡಿ. ಒಂದಕ್ಕೊಂದು ಅಂಟಿಕೊಂಡಿಲ್ಲ. ಎರಡು ಗುಡ್ಡದ ನಡುವೆ ತೋಟ, ತೋಟದ ತಲೆಯಲ್ಲಿ ಒಂಟಿ ಮನೆ, ಮುಂದೆ ತೋಡು. ಮಳೆಗಾಲದಲ್ಲಿ ತೋಡು ತುಂಬಿದರೆ ದಾಟಲು ಇರುವುದು ಅಡಿಕೆ ಮರದ ಸಂಕ ಒಂದೇ. ಸಂಕ ಎಳೆದುಹಾಕಿದರೆ ಮನೆ ದ್ವೀಪ. ಯಾರು ಎಳೆಯುವುದು? ಯಾವಾಗ? ಆಚೆ ದಡದಲ್ಲಿ ಬೊಬ್ಬೆ ಹಾಕುತ್ತಿರುವವರು ಇನ್ನೂ ಮಾತಾಡುತ್ತಿದ್ದರೆ? ಹುಡುಗ ಮೊದಲ ಸಲ ಬಂದು ನಿಲ್ಲುವುದು ಆ ದಡದಲ್ಲೇ ಇರಲಿ.

ಕರೆಂಟು ಹೋದರೆ ಕೊಳವೆಬಾವಿ ದಂಡ. ಆದರೆ ಬಾಯಾರು, ಶೇಣಿ, ಪಡ್ರೆ ಕಡೆ ನೀರಿನ ಸುರಂಗಗಳಿವೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ನುಗ್ಗುವಷ್ಟು ಅಗಲಕ್ಕೆ ಕೊರೆದದ್ದು. ನೀರು ತಾನಾಗಿಯೇ ಹರಿದು ಅಡಿಕೆ ಮರದ ದಂಬೆಯಲ್ಲಿ ಟಾಂಕಿಗೆ ಬೀಳುತ್ತದೆ, ಪಂಪು ಬೇಡ, ಸದ್ದೂ ಇಲ್ಲ. ಅಡಗಲು ಒಳ್ಳೆಯ ಜಾಗ ಎಂದು ಅನ್ನಿಸುತ್ತದೆ. ಆದರೆ ಸಾಮಾನ್ಯವಾಗಿ ಅದಕ್ಕೆ ಒಂದೇ ಬಾಯಿ, ಒಳಕ್ಕೆ ಹೋದಷ್ಟೂ ಗಾಳಿ ಕಡಿಮೆ. ಹಳೆಯ ಕೆಲಸಗಾರರು ದೀಪ ಹಿಡಿದು ಹೋಗುತ್ತಿದ್ದದ್ದು ಬೆಳಕಿಗೆ ಮಾತ್ರ ಅಲ್ಲ. ದೀಪ ನಂದಿದರೆ ಹಿಂದೆ ಬರಬೇಕು. ನಿಮ್ಮವರು ಹಿಂದೆ ಬರುವಂತಿಲ್ಲದಿದ್ದರೆ?

ಊಟಕ್ಕೆ ಸೂಪರ್ ಮಾರ್ಕೆಟ್ ಲೂಟಿ ಮಾಡಿಸಬೇಡಿ. ಅಟ್ಟದಲ್ಲಿ ಕುಚ್ಚಲಕ್ಕಿ, ಭರಣಿಯಲ್ಲಿ ಉಪ್ಪು ಸೊಳೆ, ಹಲಸಿನ ಹಪ್ಪಳ, ಸಾಂತಾಣಿ, ಮಾಂಬಳ. ಅಜ್ಜಿ ಬೇಸಿಗೆಯಿಡೀ ಇದಕ್ಕೇ ತಯಾರಿ ಮಾಡಿರುತ್ತಾರಲ್ಲವೇ. ಮೆಷಿನ್ ಗನ್ ಕೂಡ ಬೇಡ. ಕೃಷಿಕರ ಮನೆಯಲ್ಲಿ ಲೈಸೆನ್ಸಿನ ಕೋವಿ ಇರಬಹುದು. ಆದರೆ ಎಲೆಕ್ಷನ್ ಬಂದರೆ ಅದನ್ನು ಸ್ಟೇಷನ್ನಿಗೆ ಒಪ್ಪಿಸಲು ಹೇಳುವುದುಂಟು. ಪಂಚಾಯತ್ ಉಪಚುನಾವಣೆ ಒಂದನ್ನು ಕಥೆಯಲ್ಲಿ ಸುಮ್ನೆ ಹಾಕಿ, ಕೋವಿಗಳೆಲ್ಲ ಹೋದವು. ಉಳಿದದ್ದು ಕತ್ತಿ, ದೋಟಿ. ಅಡಿಕೆ ಕೊಯ್ಯುವ ಉದ್ದದ ದೋಟಿಯನ್ನು ನೆಟ್ಟಗೆ ನಿಲ್ಲಿಸುವುದೇ ಒಂದು ವಿದ್ಯೆ. ನಾಯಕಿಗೆ ಅದು ಬರುತ್ತದೆ, ಹುಡುಗನಿಗೆ ಬರುವುದಿಲ್ಲ. ಅವನು ಕಲಿಯುವಾಗ ಅವಳು ನಗಲಿ. 80 ಪುಟದಲ್ಲಿ ಇಬ್ಬರೂ ಒಂದು ಸಲವೂ ನಕ್ಕಿಲ್ಲ.

ಕಚ್ಚಿದ ಗಾಯ ಇದೆಯಾ ಎಂದು ಒಬ್ಬರನ್ನೊಬ್ಬರು ನೋಡುವ ಸೀನು ನಿಮ್ಮಲ್ಲೂ ಇದೆ, ಎಲ್ಲರಲ್ಲೂ ಇರುತ್ತದೆ. ಆಟಿಯಲ್ಲಿ ಅದಕ್ಕೆ ಬೇರೆಯೇ ಬಣ್ಣ. ಕಾಲಲ್ಲಿ ಸುರಿಯುವ ರಕ್ತ ಇಂಬಳ, ಅಂದರೆ ಜಿಗಣೆ, ಕಚ್ಚಿದ್ದೂ ಆಗಿರಬಹುದು. ಇಂಬಳ ಕಚ್ಚಿದ್ದು ಗೊತ್ತಾಗುವುದಿಲ್ಲ, ಬಿಟ್ಟ ಮೇಲೂ ರಕ್ತ ಬೇಗ ನಿಲ್ಲುವುದಿಲ್ಲ. ಅವಳು ದೀಪ ಹಿಡಿದು ಅವನ ಹಿಮ್ಮಡಿ ನೋಡುತ್ತಾಳೆ. ಸುಣ್ಣ ಹಚ್ಚುತ್ತಾಳೆ. ಮುಟ್ಟುವುದೇ ಅಪಾಯ ಆದ ಕಾಲದಲ್ಲಿ ಸುಣ್ಣದ ಒಂದು ಬೆರಳು ಸಾಕು, ಆ ಎರಡು ಪುಟದ ಅಪ್ಪುಗೆ ಬೇಡ.

ಕೊನೆಯ ಭಾಗಕ್ಕೆ ಒಂದು ದಾರಿ ಹೇಳುತ್ತೇನೆ, ಹಿಡಿಸಿದರೆ ತೆಗೆದುಕೊಳ್ಳಿ. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಹಾಲೆ ಮರದ ಕೆತ್ತೆ (ತೊಗಟೆ) ತಂದು ಕಷಾಯ ಕುಡಿಯುವುದು ನಮ್ಮ ರೂಢಿ. ಕಬ್ಬಿಣ ತಾಗಿಸಬಾರದು, ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಈ ಸಲ ಕೆತ್ತೆ ತರಲು ಹೋಗುವುದು ಹುಡುಗ. ಕತ್ತಲು, ಮಳೆ, ಹಿಂದೆ ಯಾರೋ ಬರುತ್ತಿರುವ ಸದ್ದು. ಅವನು ಜಜ್ಜಿ ತಂದದ್ದು ಕಾಸರಕನ ಕೆತ್ತೆ. ನಮ್ಮ ಊರಿನ ಹೆಸರೇ ಆ ಮರದಿಂದ ಬಂತು ಎನ್ನುವವರಿದ್ದಾರೆ. ಅದರಲ್ಲಿರುವುದು ಸ್ಟ್ರಿಕ್ನಿನ್ ಜಾತಿಯ ವಿಷ. ಮರ ಗೊತ್ತಿಲ್ಲದವರು ಕಷಾಯಕ್ಕೆ ಕೈ ಹಾಕಲೇಬಾರದು ಎಂದು ಹಿರಿಯರು ಬೈಯುವುದು ಇದಕ್ಕೇ. ಸ್ಟ್ರಿಕ್ನಿನ್ ಏರಿದರೆ ಮೈ ಬಿಲ್ಲಿನ ಹಾಗೆ ಸೆಟೆಯುತ್ತದೆ, ದವಡೆ ಕಚ್ಚಿಕೊಳ್ಳುತ್ತದೆ, ಸಣ್ಣ ಸದ್ದಿಗೂ ದೇಹ ಬಿಗಿಯುತ್ತದೆ. ಆದರೆ ಪ್ರಜ್ಞೆ ಇರುತ್ತದೆ. ಎಲ್ಲ ಕೇಳುತ್ತದೆ, ಎಲ್ಲ ತಿಳಿಯುತ್ತದೆ, ಮಾತು ಮಾತ್ರ ಹೊರಡುವುದಿಲ್ಲ.

ಹುಡುಗ ಆ ಕಷಾಯ ಕುಡಿದದ್ದು ಅವಳ ಲೆಕ್ಕದಲ್ಲಿ ಹನ್ನೆರಡನೇ ದಿನ. ಅವಳು ಕನ್ನಡದಲ್ಲಿ ಕೇಳುತ್ತಾಳೆ. ತುಳುವಿನಲ್ಲಿ ಕೇಳುತ್ತಾಳೆ. ತನಗೆ ಸರಿಯಾಗಿ ಬಾರದ ಮಲಯಾಳದಲ್ಲಿ ಕೇಳುತ್ತಾಳೆ. ಉತ್ತರ ಇಲ್ಲ. ಕದದ ಪರೀಕ್ಷೆಯನ್ನು ಇಡೀ ಕಾದಂಬರಿಯಲ್ಲಿ ನಾವು ನಂಬುತ್ತಾ ಬಂದಿದ್ದೇವೆ. ಮೇಷ್ಟ್ರು ಮಾತಾಡಿದ್ದರು, ಆದರೆ ಅಲ್ಲಿ ಮೇಷ್ಟ್ರು ಇರಲಿಲ್ಲ. ಇವನು ಮಾತಾಡುತ್ತಿಲ್ಲ, ಒಳಗೆ ಪೂರ್ತಿ ಇದ್ದಾನೆ. ಅವಳ ಕೈಯಲ್ಲಿ ಕತ್ತಿ ಇದೆ. ಅಜ್ಜಿ ಒಲೆಯ ಹತ್ತಿರ ಹೋಗಿ ಪಾತ್ರೆಯಲ್ಲಿ ಉಳಿದ ಕೆತ್ತೆಯನ್ನು ಎತ್ತಿ ಮೂಸಿ ನೋಡಲು ಎಷ್ಟು ಹೊತ್ತು ಬೇಕು, ಅಷ್ಟು ಹೊತ್ತಿನ ಅಧ್ಯಾಯ ಅದು.

ಆಮೇಲೆ ಆಸ್ಪತ್ರೆ. ಆಸ್ಪತ್ರೆ ಎಂದರೆ ನಮಗೆ ಮಂಗಳೂರು, ಕಾಸರಗೋಡು ಪೇಟೆಯಿಂದಲೇ ಸುಮಾರು 50 ಕಿಲೋಮೀಟರ್. ನಮ್ಮ ರಾಜ್ಯ ಕೇರಳದ ರಾಜಧಾನಿ ಇರುವುದು 500 ಕಿಲೋಮೀಟರಿಗೂ ಆಚೆ. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಕರ್ನಾಟಕ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದ್ದು, ಒಳರಸ್ತೆಗಳಿಗೆ ಮಣ್ಣು ಸುರಿದದ್ದು, ರೋಗಿಗಳು ಗಡಿಯಲ್ಲಿ ನಿಂತದ್ದು, ವಿಷಯ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿಗೆ ಹೋದದ್ದು ನಿಮಗೆ ನೆನಪಿರಬೇಕು, ಆಗ ನೀವು ಹೈಸ್ಕೂಲು. ಗಡಿಯಲ್ಲಿರುವ ಪೊಲೀಸರೂ ಅಜ್ಜಿಯದ್ದೇ ಪ್ರಶ್ನೆ ಕೇಳುತ್ತಾರೆ: ಯಾರು? ಎಲ್ಲಿಯವರು? ಅಲ್ಲಿ ಯಾವ ಭಾಷೆಯಲ್ಲಿ ಉತ್ತರ ಕೊಟ್ಟರೆ ದಾರಿ ಬಿಡುತ್ತಾರೆ ಎಂದು ಅವಳಿಗೆ ಗೊತ್ತು. ಹಿಂದಿನ ಸೀಟಿನಲ್ಲಿ ದವಡೆ ಕಚ್ಚಿಕೊಂಡು ಮಲಗಿರುವವನ ಪರವಾಗಿ ಮಾತಾಡಬೇಕಾದವಳೂ ಅವಳೇ.

ಗಡಿ ದಾಟುತ್ತಾರಾ ಇಲ್ಲವಾ ಎಂದು ನನ್ನನ್ನು ಕೇಳಬೇಡಿ. ಈಗಿರುವ 80 ಪುಟದಲ್ಲಿ ಅಜ್ಜಿ ಬರುವ 6 ಪುಟ ಇಟ್ಟುಕೊಳ್ಳಿ, ಜೀಪ್ ಚೇಸಿಂಗ್ ತೆಗೆಯಿರಿ. ಮೊದಲು ಸಂಕದ ಅಧ್ಯಾಯ ಬರೆದು ಕಳಿಸಿ, ಕಳಂಜ ಆಮೇಲೆ ಬರಲಿ. ಮತ್ತೆ, ಹುಡುಗನ ಮಲಯಾಳಂ ಮಾತುಗಳನ್ನು ಆ ಮನೆಮಾತಿನವರೇ ಯಾರಾದರೂ ಒಬ್ಬರಿಗೆ ಓದಿ ಹೇಳಿ ತಿದ್ದಿಸಿಕೊಳ್ಳಿ. ಪುಸ್ತಕದ ಮಲಯಾಳಂ ಆಗಿದೆ ಅದು, ನಮ್ಮ ಕಡೆಯದ್ದಲ್ಲ.